ಪೀರಮ್ಮ ಆರಿಸಿದ ಗ್ಯಾಸಬತ್ತಿ

ಹದಿನೆಂಟು ವರ್ಷ ಲಿಂಗಸುಗೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ಹುಲಿಗೆಮ್ಮ ಹೋದ ಜೂನ್‌ನಲ್ಲಿ ಅದೇ ಶಾಲೆಗೆ ಹೆಡ್‌ಮೇಡಂ ಆದಳು. ಅವಳಿಗಿಂತ ಅವಳ ಗಂಡ ರಾಜೇಶನಿಗೇ ಹೆಚ್ಚು ಹಿಗ್ಗು. ನೀರಾವರಿ ಇಲಾಖೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ಸಂಜೆ ಮನೆಗೆ ಬಂದವನೇ ಬಟ್ಟೆ ಬದಲಿಸಿ ಹಿತ್ತಲ ತೋಟಕ್ಕೆ ಇಳಿಯುತ್ತಿದ್ದ. ತೋಟವೆಂದರೆ ಒಂದು ಬೇವಿನ ಮರ, ಎರಡು ನುಗ್ಗೆ, ಗೋಡೆಯುದ್ದಕ್ಕೂ ಮಲ್ಲಿಗೆ ಮತ್ತು ದಾಸವಾಳ, ನಡುವೆ ಅವನೇ ಕೂಡಿಸಿದ ಕಲ್ಲಿನ ಹಾಸು. ಶಾಲೆಯ ಶಿಕ್ಷಕರನ್ನೆಲ್ಲ ಕರೆದು ಅಲ್ಲಿಯೇ ಒಂದು ಊಟ ಹಾಕಿಸಬೇಕೆಂದು ಅವನು ಗೊತ್ತು ಮಾಡಿದ.

"ಹೊಸಪೇಟಿ ದಾರ್ಯಾಗ ಒಂದು ಹೋಟೆಲ್ ನೋಡಿದ್ನಿ. ಅದರ ತೋಟದಾಗ ಗಿಡಕ್ಕ ಹಳೇ ಗ್ಯಾಸಬತ್ತಿ ತೂಗು ಹಾಕ್ಯಾರ. ಏನ್ ಛಂದ ಕಾಣ್ತದ ಅಂತೀ! ನಮ್ಮ ಬೇವಿನ ಗಿಡಕ್ಕೂ ಒಂದು ತರೋಣು," ಅಂದ.

"ಬ್ಯಾಡ," ಅಂದಳು ಹುಲಿಗೆಮ್ಮ.

"ಯಾಕ?"

"ಬ್ಯಾಡಂದ್ರ ಬ್ಯಾಡ. ಮನ್ಯಾಗ ಕರೆಂಟ್ ಇಲ್ಲೇನು?"

ರಾಜೇಶ ಅವಳ ಮುಖ ನೋಡಿದ. ಏನನ್ನಾದರೂ ಬೇಡವೆಂದರೆ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ ಹಾಗೆ ಕಾರಣ ಕೊಡುವವಳು ಅವಳು. ಈ ಸಲ ಎದ್ದು ಒಳಗೆ ಹೋಗಿಬಿಟ್ಟಳು.

ಕಾರಣ ಅವಳ ತವರು ಮಸ್ಕಿಯಲ್ಲಿತ್ತು. ಅವಳ ತಾಯಿ ಪೀರಮ್ಮ ಇಪ್ಪತ್ತು ವರ್ಷ ಮಂದಿಯ ಮದುವೆ ಮೆರವಣಿಗೆಗಳಲ್ಲಿ ತಲೆಯ ಮೇಲೆ ಗ್ಯಾಸಬತ್ತಿ, ಅಂದರೆ ಪೆಟ್ರೋಮ್ಯಾಕ್ಸ್ ದೀಪ, ಹೊತ್ತವಳು. ಗಂಡ ಪಂಪಣ್ಣ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಹಗಲು ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿ, ಕಳೆ. ಮದುವೆಯ ದಿನಗಳು ಬಂದವೆಂದರೆ ಸಂಜೆ ಜಿಲಾನಿಸಾಬರ ಬಾಡಿಗೆ ಸಾಮಾನಿನ ಅಂಗಡಿಯಿಂದ ಉಳಿದ ಹೆಂಗಸರ ಜೊತೆ ಟೆಂಪೊ ಹತ್ತುವಳು. ಹಳೆ ಸೀರೆಯ ತುಂಡಿನ ಸಿಂಬಿ, ಅದರ ಮೇಲೆ ಸುಂಯ್‌ಗುಡುವ ದೀಪ, ಮುಂದೆ ಬ್ಯಾಂಡು, ಹಿಂದೆ ಕುದುರೆ ಮೇಲೆ ಮದುಮಗ. ಊರ ಕತ್ತಲೆಯೆಲ್ಲ ಇಂಥ ಆರೆಂಟು ಹೆಂಗಸರ ತಲೆಯ ಮೇಲಿನ ಬೆಳಕಿನಲ್ಲಿ ಕಳೆಯುತ್ತಿತ್ತು. ಹೊತ್ತವರ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

ಇದನ್ನು ಹುಲಿಗೆಮ್ಮ ಗಂಡನಿಗೆ ಹೇಳಿರಲಿಲ್ಲ. ಅವಳನ್ನು ನೋಡಲು ಬಂದ ದಿನ ರಾಜೇಶನ ತಂದೆ, ಕಲಬುರಗಿಯಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದವರು, ತಮ್ಮ ಜನದ ಸ್ವಾಭಿಮಾನದ ಮಾತು ತೆಗೆದು, "ಮಂದಿ ಮೆರವಣಿಗಿಗೆ ನಮ್ಮ ಹೆಣ್ಮಕ್ಕಳು ತೆಲಿ ಮ್ಯಾಲೆ ಬೆಳಕು ಹೊತ್ತಿದ್ದು ಸಾಕು. ಅಂಥ ಕೆಲಸ ಮಾಡೋರನ್ನ ಕಂಡ್ರ ನನಗ ಸಿಟ್ಟು ಬರ್ತದ," ಅಂದಿದ್ದರು. ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಪೀರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ನಿಮ್ಮ ತಾಯಿ ಏನು ಕೆಲಸ ಮಾಡುತ್ತಾರೆ ಎಂದು ಅವರು ಕೇಳಿದಾಗ ಹುಲಿಗೆಮ್ಮ "ಹೊಲದ ಕೆಲಸ" ಅಂದಳು. ಅದು ಸುಳ್ಳಲ್ಲವೆಂದು ಹದಿನಾರು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ಆದರೆ ಅವಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಅದಕ್ಕಿಂತ ಹಳೆಯದು.

ಅವಳು ಸಿಂಧನೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದ ವರ್ಷ. ಗೆಳತಿ ಅಶ್ವಿನಿ ಜವಳಗೇರಾದ ದೊಡ್ಡ ಒಕ್ಕಲುತನದ ಮನೆಯವಳು. ಅವಳ ಅಕ್ಕ ಭಾಗ್ಯಶ್ರೀಯ ಮದುವೆಗೆ ಕ್ಲಾಸಿನ ಹುಡುಗಿಯರೆಲ್ಲ ಹೋದರು. ಹುಲಿಗೆಮ್ಮ ಬೇರೆ ಹುಡುಗಿಯ ರೇಷ್ಮೆ ಲಂಗ ಕೇಳಿ ಉಟ್ಟಿದ್ದಳು. ಹೊತ್ತು ಮುಳುಗಿದ ಮೇಲೆ ಮೆರವಣಿಗೆ ಹೊರಟಿತು. ಹುಡುಗಿಯರು ಕೈ ಕೈ ಹಿಡಿದುಕೊಂಡು ಬ್ಯಾಂಡಿನ ಹಿಂದೆ ನಡೆದರು. ಎಡಸಾಲಿನ ಎರಡನೆಯ ಬತ್ತಿಯ ಕೆಳಗೆ ಅವಳ ಅವ್ವ ಇದ್ದಳು.

ಬತ್ತಿಗಳು ಮಸ್ಕಿಯಿಂದ ಬಂದಿದ್ದವೆಂದು ಅವಳಿಗೆ ಗೊತ್ತಿರಲಿಲ್ಲ. ಪೀರಮ್ಮನಿಗೂ ಮಗಳು ಅಲ್ಲಿರುವುದು ಗೊತ್ತಿರಲಿಲ್ಲ. ಎರಡು ತಿಂಗಳಿಂದ ಮಗಳನ್ನು ಕಾಣದ ತಾಯಿ, ತಲೆ ಅಲ್ಲಾಡಿಸದೆ, ಕಣ್ಣಷ್ಟೇ ಹೊರಳಿಸಿ ಬಾಯಿ ತುಂಬ ನಕ್ಕಳು.

"ಆಕಿ ನಿನ್ನ ನೋಡಿ ನಗಾಕತ್ತಾಳಲ್ಲೇ. ಯಾರಾಕಿ?" ಅಂದಳು ಅಶ್ವಿನಿ.

"ನನಗೇನ್ ಗೊತ್ತು? ಬ್ಯಾರೆ ಯಾರೋ ಅನ್ಕೊಂಡಾಳ. ನಾ ಆಕಿ ಮಗಳು ಗಿಗಳು ಅನ್ಕೊಂಡಾಳೇನೋ," ಅಂದು ಹುಲಿಗೆಮ್ಮ ನಕ್ಕಳು. ಹುಡುಗಿಯರೂ ನಕ್ಕರು.

ಸ್ವಲ್ಪ ಹೊತ್ತಿಗೆ ನೋಡಿದರೆ ಎಡಸಾಲಿನಲ್ಲಿ ಪೀರಮ್ಮ ಇರಲಿಲ್ಲ. ಇನ್ನೊಬ್ಬ ಹೆಂಗಸಿನ ಜೊತೆ ಜಾಗ ಬದಲಿಸಿಕೊಂಡು ಆಚೆಯ ಸಾಲಿಗೆ, ಎಲ್ಲರಿಗಿಂತ ಹಿಂದಕ್ಕೆ ಹೋಗಿದ್ದಳು. ಊಟದ ಹೊತ್ತಿಗೆ ಟೆಂಪೊ ಹೊರಟುಹೋಗಿತ್ತು. ರಜೆಗೆ ಊರಿಗೆ ಹೋದಾಗ ಅವ್ವ ಆ ಮಾತು ತೆಗೆಯಲಿಲ್ಲ, ಆಮೇಲೆಯೂ ಯಾವತ್ತೂ ತೆಗೆಯಲಿಲ್ಲ. ಬ್ಯಾಂಡಿನ ಸದ್ದಿನಲ್ಲಿ ಆಕೆಗೆ ಕೇಳಿಸಿರಲಿಕ್ಕಿಲ್ಲ ಎಂದು ಹುಲಿಗೆಮ್ಮ ನಂಬಿದಳು. ನಂಬದೆ ಅವಳಿಗೆ ಬೇರೆ ದಾರಿ ಇರಲಿಲ್ಲ.

ಶಿಕ್ಷಕರ ಊಟದ ಹಿಂದಿನ ಭಾನುವಾರ ಗಂಡ ಹೆಂಡತಿ ಪೀರಮ್ಮನನ್ನು ಕರೆತರಲು ಮಸ್ಕಿಗೆ ಹೋದರು. ಮರಳಿ ಹೊರಟಾಗ ರಾಜೇಶ ಹಳೆ ಬಜಾರಿನಲ್ಲಿ ಕಾರು ನಿಲ್ಲಿಸಿದ.

"ಇಲ್ಲಿ ಒಬ್ಬ ಸಾಬರ ಹತ್ರ ಹಳೇ ಬತ್ತಿ ಅದಾವಂತ. ಬರೇ ನೋಡೋಣು ಬಾ. ಅತ್ತಿ, ನೀವೂ ಇಳೀರಿ."

ಹುಲಿಗೆಮ್ಮ ತಡಮಾಡದೆ, "ಅವ್ವನ ಮೊಣಕಾಲು ನೋಯಾಕತ್ತಾವ, ಕಾರಿನ್ಯಾಗ ಕುಂದರ್ಲಿ," ಅಂದಳು. ಅಷ್ಟರಲ್ಲಿ ರಾಜೇಶ ಬಾಗಿಲು ತೆರೆದು ಅತ್ತೆಗೆ ಕೈ ಕೊಟ್ಟಾಗಿತ್ತು.

ಜಿಲಾನಿಸಾಬರ ಅಂಗಡಿಯ ತುಂಬ ಈಗ ಪ್ಲಾಸ್ಟಿಕ್ ಕುರ್ಚಿ, ಶಾಮಿಯಾನದ ಬಟ್ಟೆ, ಬಣ್ಣದ ಎಲ್‌ಇಡಿ ಸರಗಳು. ಹಿಂದಿನ ಗೋಡೆಯ ಹಲಗೆಯ ಮೇಲೆ ಆರು ಗ್ಯಾಸಬತ್ತಿ ಕೂತಿದ್ದವು. ಸಾಬರು ಒಂದೊಂದಾಗಿ ಇಳಿಸಿದರು. ಉಜ್ಜಿ ಬಂಗಾರದ ಹಾಗೆ ಮಾಡಿದ್ದ ಹಿತ್ತಾಳೆಯದೊಂದನ್ನು ರಾಜೇಶ ಎತ್ತಿಕೊಂಡ.

"ಬೇಕಂದ್ರ ಒಳಗ ಬಲ್ಬ್ ಹಾಕಿ ಕೊಡ್ತೀನ್ರಿ. ಈಗ ಎಲ್ಲಾರೂ ಹಂಗ ಒಯ್ಯಾಕತ್ತಾರ," ಅಂದರು ಸಾಬರು. ಹಾಗೆನ್ನುತ್ತಲೇ ಅವರ ಕಣ್ಣು ಬಾಗಿಲ ಬಳಿ ನಿಂತಿದ್ದ ಮುದುಕಿಯ ಮೇಲೆ ಬಿತ್ತು.

"ಅರೆ! ಪೀರಮ್ಮ! ಎಷ್ಟು ವರ್ಷ ಆತಲ್ಲ! ಬಾ, ಬಾ, ಕುಂದ್ರು. ಬತ್ತಿ ವಿಷಯ ನಿನ್ನಷ್ಟು ಗೊತ್ತಿದ್ದೋರು ಮಸ್ಕ್ಯಾಗ ಇನ್ಯಾರದಾರ?"

ಪೀರಮ್ಮ ಮೊದಲು ನೋಡಿದ್ದು ಮಗಳ ಮುಖವನ್ನು. ಒಂದು ಗಳಿಗೆಯಷ್ಟೇ. ಆಮೇಲೆ ಸೆರಗು ಮುಂದಕ್ಕೆಳೆದುಕೊಂಡು, ಮೆಲ್ಲಗೆ, "ನೀವು ಬ್ಯಾರೆ ಯಾರೋ ಅನ್ಕೊಂಡೀರಿ ಸಾಹೇಬ್ರ. ನಾ ಆಕಿ ಅಲ್ಲ," ಅಂದಳು.

ಜಿಲಾನಿಸಾಬರು ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿಕೊಂಡರು. ತಾಯಿಯನ್ನೂ ನೋಡಿದರು, ಮಗಳನ್ನೂ ನೋಡಿದರು. "ವಯಸ್ಸಾತು ನೋಡ್ರಿ. ಮಾಫ್ ಮಾಡ್ರಿ ತಾಯಿ," ಅಂದು ಬತ್ತಿಯ ಗಾಜು ಒರೆಸತೊಡಗಿದರು.

ಬ್ಯಾರೆ ಯಾರೋ ಅನ್ಕೊಂಡೀರಿ. ಅದು ಹುಲಿಗೆಮ್ಮನದೇ ಮಾತು. ಜವಳಗೇರಾದ ರಸ್ತೆಯಲ್ಲಿ ಅವಳು ನಗುತ್ತ ಆಡಿದ್ದನ್ನು ತಾಯಿ ಇಪ್ಪತ್ನಾಲ್ಕು ವರ್ಷ ಬಾಯಿ ಬಿಡದೆ ಇಟ್ಟುಕೊಂಡು, ಇವತ್ತು ಮಗಳ ಮರ್ಯಾದೆ ಕಾಯಲೆಂದು ತನ್ನ ಮೇಲೆ ತಾನೇ ಆಡಿಕೊಂಡಿದ್ದಳು. ಹುಲಿಗೆಮ್ಮ ಸುಮ್ಮನಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಸುಮ್ಮನಿರಬೇಕೆಂದೇ ಒಂದು ಕ್ಷಣ ಅನಿಸಿತು ಕೂಡ. ಆಮೇಲೆ ಅವಳಿಗೆ ಹೆಚ್ಚು ನಾಚಿಕೆ ತಂದದ್ದು ಆ ಒಂದು ಕ್ಷಣವೇ.

"ಅಲ್ಲ ಸಾಹೇಬ್ರ," ಅಂದಳು. "ನೀವು ಅಂದಿದ್ದು ಖರೇ. ಆಕೀನ ಪೀರಮ್ಮ. ನಮ್ಮವ್ವ."

"ಹುಲಿಗಿ, ಸುಮ್ನಿರಬೇ," ಅಂದಳು ಪೀರಮ್ಮ.

"ಇಲ್ಲಬೇ ಅವ್ವ." ಅವಳು ಗಂಡನ ಕಡೆ ತಿರುಗಿದಳು. "ನಮ್ಮವ್ವ ಇಪ್ಪತ್ತು ವರ್ಷ ಇವರ ಬತ್ತಿ ಹೊತ್ತಾಳ್ರೀ. ಅದ್ರಾಗ ನನ್ನ ಓದಿಸ್ಯಾಳ. ನಾ ನಿಮಗ ಹೇಳಿಲ್ಲ. ನಾಚಿಕಿಗೆ ಹೇಳಿಲ್ಲ."

ರಾಜೇಶ ಕೈಯಲ್ಲಿದ್ದ ಹಿತ್ತಾಳೆ ಬತ್ತಿಯನ್ನು ಕೆಳಗಿಟ್ಟ. ಅವನ ಮುಖ ಕಪ್ಪಿಟ್ಟಿತು. ಅದು ಅತ್ತೆಯ ಮೇಲಿನ ಸಿಟ್ಟಲ್ಲ, ಹದಿನಾರು ವರ್ಷ ತನ್ನನ್ನು ನಂಬದೆ ಇದ್ದವಳ ಮೇಲಿನ ನೋವು ಎಂದು ಹುಲಿಗೆಮ್ಮನಿಗೆ ತಿಳಿಯಿತು. ಅವನು ಪೀರಮ್ಮನ ಮುಂದೆ ಸ್ಟೂಲು ಎಳೆದಿಟ್ಟ.

"ಹಂಗಾದ್ರ ಇವುದ್ರಾಗ ಛಲೋದು ಯಾವುದು, ನೀವೇ ಹೇಳ್ರಿ ಅತ್ತಿ."

ಪೀರಮ್ಮ ಬಹಳ ಹೊತ್ತು ಕೈ ಮುಂದೆ ಮಾಡಲಿಲ್ಲ. ಮಗಳು ಒಂದು ಬತ್ತಿ ಎತ್ತಿ ಅವಳ ತೊಡೆಯ ಮೇಲಿಟ್ಟಾಗ ಬೆರಳುಗಳು ತಾವಾಗಿಯೇ ಚಲಿಸಿದವು. ಹಿತ್ತಾಳೆಯದಕ್ಕೆ ಪಂಪು ಹೊಡೆದು ಕಿವಿ ಹಚ್ಚಿದಳು. "ಗಾಳಿ ಬಿಡಾಕತ್ತೈತಿ. ವಾಸರ್ ಹೋಗೈತಿ. ಬರೇ ಹೊಳಪು," ಅಂದು ಸರಿಸಿದಳು. ಇನ್ನೊಂದರ ಎಣ್ಣೆಯ ಟಾಕಿಯ ತಳವನ್ನು ಅಂಗೈಯಿಂದ ಸವರಿ, "ಇದು ಸೋರತೈತಿ, ಬೆಸಿಗಿ ಹಾಕ್ಯಾರ ನೋಡ್ರಿ," ಅಂದಳು. ಮೂರನೆಯದು ಹೊಸದು. ಅದನ್ನು ಎತ್ತಿ ನೋಡಿ ಹಗುರ ಎಂದು ಬಿಟ್ಟಳು. ಕಡೆಗೆ ಮೂಲೆಯ ಕರಿಕಟ್ಟಿದ ಬತ್ತಿಯೊಂದನ್ನು ಕೇಳಿದಳು. ಒಂದು ಮಗ್ಗುಲು ಒಳಕ್ಕೆ ಬಗ್ಗಿತ್ತು. ಪಂಪು ಹೊಡೆದಳು, ಕಿವಿ ಕೊಟ್ಟಳು, ಗಾಜು ಬಿಚ್ಚಿ ಒಳಗೆ ಊದಿದಳು.

"ಇದು," ಅಂದಳು. "ಇದಕ್ಕ ಹೊಸಾ ಮ್ಯಾಂಟಲ್ ಬಟ್ಟಿ ಕಟ್ಟಿದ್ರ ನಾಕು ತಾಸು ಕಣ್ಣು ಮುಚ್ಚಂಗಿಲ್ಲ."

ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗುವುದು ನಿಂತು ವರ್ಷಗಳಾಗಿದ್ದವು. ಸಾಬರೇ ಹುಡುಕಿ ಒಂದು ಕ್ಯಾನು ಕೊಟ್ಟರು. ಬೀಳ್ಕೊಡುವಾಗ ಪೀರಮ್ಮನಿಗೆ ಎರಡೂ ಕೈ ಎತ್ತಿ ಸಲಾಂ ಮಾಡಿದರು.

ಕಾರು ಮಸ್ಕಿ ದಾಟಿದ ಮೇಲೆ ರಾಜೇಶ, "ನಮ್ಮಪ್ಪ ಅಂದ ಮಾತಿಗೆ ಮುಚ್ಚಿಟ್ಟಿ ಏನು?" ಎಂದು ಕೇಳಿದ.

"ಅದಕ್ಕಿಂತ ಮೊದಲೇ ಕೆಟ್ಟಿದ್ನಿ," ಅಂದಳು ಹುಲಿಗೆಮ್ಮ. ರಸ್ತೆಯನ್ನೇ ನೋಡುತ್ತ ಜವಳಗೇರಾದ್ದೆಲ್ಲ ಹೇಳಿದಳು. ಅವ್ವ ಹಿಂದಿನ ಸೀಟಿನಲ್ಲಿ ಬತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೇಳಿ ಮುಗಿದ ಮೇಲೂ ಹಿಂದಿರುಗಿ ನೋಡುವ ಧೈರ್ಯ ಮಗಳಿಗೆ ಆಗಲಿಲ್ಲ.

"ಏನೇನೋ ಹೇಳಬ್ಯಾಡ. ಬ್ಯಾಂಡಿನ ಗದ್ದಲದಾಗ ನನಗೇನೂ ಕೇಳಿಸಿಲ್ಲ," ಅಂದಳು ಪೀರಮ್ಮ. ಅದು ನಿಜವಲ್ಲವೆಂದು ಮೂವರಿಗೂ ಗೊತ್ತಿತ್ತು.

ಊಟದ ಸಂಜೆ ಹದಿನೈದು ಜನ ಶಿಕ್ಷಕರು ಬಂದರು. ಪೀರಮ್ಮನೇ ಸ್ಪಿರಿಟ್ ಹಾಕಿ ಬತ್ತಿ ಕಾಯಿಸಿ, ಪಂಪು ಹೊಡೆದು ಹಚ್ಚಿದಳು. ರಾಜೇಶ ಅದನ್ನು ಬೇವಿನ ಕೊಂಬೆಗೆ ತೂಗುಹಾಕಿದ. ಬಿಳಿಯ ಬೆಳಕಿಗೆ ಮಲ್ಲಿಗೆಯ ಬಳ್ಳಿಯೆಲ್ಲ ಎಲೆ ಎಲೆಯಾಗಿ ಕಂಡಿತು. ವಿಜ್ಞಾನದ ಮಾಸ್ತರ ಶಿವಕಾಂತ "ಏನ್ ಬೆಳಕ್ರಿ ಮೇಡಂ! ಎಲ್ಲಿ ಸಿಕ್ತು?" ಅಂದ.

ವಾರವಿಡೀ ಹುಲಿಗೆಮ್ಮ ಆ ಮಾತಿಗೇ ತಯಾರಾಗಿದ್ದಳು. ಎದ್ದು ನಿಂತು, ತನ್ನ ತಾಯಿ ಇಂಥ ಬತ್ತಿ ಹೊತ್ತು ತನ್ನನ್ನು ಬೆಳೆಸಿದಳೆಂದು ಹೇಳಿದಳು. ದನಿ ಪ್ರಾರ್ಥನೆಯ ಹೊತ್ತಿನ ಭಾಷಣದಂತೆ ಜೋರಾಗಿಬಿಟ್ಟಿತು. ಎಲ್ಲರ ಕೈಗಳು ಊಟದ ಎಲೆಯ ಮೇಲೆ ನಿಂತವು. ಯಾರೋ "ಅಯ್ಯೋ ಪಾಪ, ಎಷ್ಟು ಕಷ್ಟ ಪಟ್ಟಾರ" ಅಂದರು. ಇನ್ನೊಬ್ಬರು ಫೋನು ತೆಗೆದು ಪೀರಮ್ಮನನ್ನು ಬತ್ತಿಯ ಕೆಳಗೆ ನಿಲ್ಲಲು ಹೇಳಿದರು. ಅವಳು ನಿಂತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡಳು.

ಆಗ ಹುಲಿಗೆಮ್ಮನಿಗೆ ಹೊಳೆಯಿತು. ತಾನು ಹೇಳಿದ್ದು ಅವ್ವನಿಗಾಗಿ ಅಲ್ಲ, ತನ್ನ ಎದೆಯ ಭಾರ ಇಳಿಯಲೆಂದು. ಅವ್ವನನ್ನು ಕೇಳಿಯೂ ಇರಲಿಲ್ಲ.

ಬೆಳಿಗ್ಗೆ ಅವಳು ಹಿತ್ತಲಿಗೆ ಬಂದಾಗ ಪೀರಮ್ಮ ತಲೆಸ್ನಾನ ಮಾಡಿ ಬಿಸಿಲಿಗೆ ಕೂತಿದ್ದಳು. ಹುಲಿಗೆಮ್ಮ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಹಿಂದೆ ಕೂತಳು.

"ನಿನ್ನೆ ನಾ ಹಂಗ ಎಲ್ಲಾರ ಮುಂದ ಹೇಳಬಾರದಿತ್ತಬೇ. ತಪ್ಪಾತು. ಅವತ್ತಿಂದೂ ತಪ್ಪಾತು."

"ಅವರು ಪಾಪ ಅಂದ್ರಲ್ಲ, ಅದು ನನಗ ಸೇರಲಿಲ್ಲ ನೋಡು," ಅಂದಳು ಪೀರಮ್ಮ. "ಕೆಲಸ ಅದು. ಛಲೋ ಮಾಡೀನಿ." ಸೆರಗು ನೆತ್ತಿಗೆ ಎಳೆದುಕೊಂಡು, "ಅವತ್ತಿಂದು ನೋವಾಗಿತ್ತು. ಇಲ್ಲ ಅನ್ನಂಗಿಲ್ಲ," ಅಂದಳು.

ಹುಲಿಗೆಮ್ಮ ಸೆರಗು ಸರಿಸಿದಳು. ನಡುನೆತ್ತಿಯಲ್ಲಿ ಅಂಗೈಯಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ಸಿಂಬಿ ಕೂತು ಕೂತು ಚರ್ಮ ನುಣ್ಣಗಾಗಿತ್ತು. ನಲವತ್ತೆರಡು ವರ್ಷದಲ್ಲಿ ಅದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಅವ್ವ ತೋರಿಸಿರಲಿಲ್ಲವೋ, ತಾನೇ ನೋಡಿರಲಿಲ್ಲವೋ.

"ಅಲ್ಲಿ ಹಚ್ಚಬ್ಯಾಡ. ಎಣ್ಣಿ ಸುಮ್ನ ದಂಡ," ಅಂದಳು ಪೀರಮ್ಮ.

ಹುಲಿಗೆಮ್ಮ ಅಂಗೈಗೆ ಎಣ್ಣೆ ಸುರಿದುಕೊಂಡು ಅಲ್ಲಿಂದಲೇ ಹಚ್ಚಲು ಶುರುಮಾಡಿದಳು.