ಸ್ಟೋವಿನೊಳಗಿನ ಚರ್ಮದ ಬಿಲ್ಲೆ

ಸೊಲ್ಲಾಪುರದಲ್ಲಿ ಗಿರಣಿಯ ಮೊದಲ ಭೋಂಗಾ ಕೂಗುವಾಗ ಸಾತಲಿಂಗಪ್ಪ ಒಂದು ಹಿತ್ತಾಳೆಯ ಸ್ಟೋವಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬರ್ನರಿನ ಕೆಳಗಿನ ಬಟ್ಟಲಲ್ಲಿ ಸ್ಪಿರಿಟ್ ನೀಲಿಯಾಗಿ, ಸದ್ದಿಲ್ಲದೆ ಉರಿಯುತ್ತಿದೆ. ಅವನ ಬಲಗೈ ಪಂಪಿನ ಪಕ್ಕದಲ್ಲೇ ಇದೆ. ಆದರೆ ಅದನ್ನು ಮುಟ್ಟುವುದಿಲ್ಲ. ಸ್ಪಿರಿಟ್ ಉರಿದು ಮುಗಿಯುತ್ತ ಬಂದಾಗ ಗಾಳಿಯ ತಿರುಪು ಬಿಗಿದು ನಾಲ್ಕು ಸಲ, ಬರೀ ನಾಲ್ಕು ಸಲ, ಪಂಪು ಒತ್ತುತ್ತಾನೆ. ಸ್ಟೋವು ಗುರುಗುಟ್ಟಿ ಹೊತ್ತಿಕೊಳ್ಳುತ್ತದೆ.

"ಅವಸರಾ ಮಾಡಿದ್ರ ಎಣ್ಣಿ ಎಣ್ಣಿಯಾಗೇ ಹೊರಗ ಬರತೈತ್ರಿ, ಉರಿ ಜಂತಿಗೆ ಹತ್ತತೈತಿ" ಎನ್ನುತ್ತಾನೆ. "ಎಣ್ಣಿ ಬರಬಾರದು. ಎಣ್ಣಿ ಉಗಿ ಬರಬೇಕು. ಇಷ್ಟಽ ಐತಿ ನೋಡ್ರಿ ಇದರ ವಿದ್ಯಾ."

ಅಂಗಡಿ ಎಂದರೆ ಎರಡು ಗೋಡೆಗಳ ನಡುವಿನ ಸಂದಿ, ಮೇಲೊಂದು ತಗಡು. ಎರಡು ವರ್ಷದ ಹಿಂದೆ ಇಲ್ಲಿಗೆ ದಿನಕ್ಕೆ ಒಂಬತ್ತು, ಹತ್ತು ಸ್ಟೋವು ಬರುತ್ತಿದ್ದವು. ಈಗ ಎರಡು. ಕೆಲವು ದಿನ ಒಂದೂ ಇಲ್ಲ. ಊರಲ್ಲಿ ಸ್ಟೋವು ಕಡಿಮೆಯಾಗಿಲ್ಲ, ಹೆಚ್ಚಾಗಿವೆ. ಹಾಗಾದರೆ ಹೀಗೇಕೆ ಎಂದು ಕೇಳಿದರೆ ಸಾತಲಿಂಗಪ್ಪ ಪಿನ್ನು ತೆಗೆದುಕೊಂಡು, ತೂತು ಕಟ್ಟಿಕೊಳ್ಳದೇ ಇರುವ ಬರ್ನರಿನ ನಿಪ್ಪಲ್ಲನ್ನೂ ಚುಚ್ಚತೊಡಗುತ್ತಾನೆ.

ಅವನ ಊರು ಅಕ್ಕಲಕೋಟ ಸೀಮೆಯ ಕರಜಗಿ. ಅಣ್ಣಂದಿರು ಹೊಲ ನೋಡಿಕೊಂಡರು, ಇವನು ಹದಿನಾಲ್ಕಕ್ಕೆ ಗಿರಣಿ ಸೇರಿದ. ಎಡಗೈಯ ಕಿರುಬೆರಳನ್ನು ಮಿಷಿನ್ನಿಗೆ ಕೊಟ್ಟು ಹೊರಬಂದ. ರೈಲ್ವೆಯ ಮುದಿ ಫಿಟ್ಟರನೊಬ್ಬ ಸ್ಟೋವು ಬಿಚ್ಚಿ ಜೋಡಿಸುವುದನ್ನು ಕಲಿಸಿದ. ಈಗ ವಯಸ್ಸು ನಲವತ್ತೆಂಟು. ಹೆಂಡತಿ ಗುರಮ್ಮ ಇಂದಿಗೂ ಅಡುಗೆ ಮಾಡುವುದು ಕುಳ್ಳಿನ ಒಲೆಯ ಮೇಲೆ. "ಊರಿಗೆಲ್ಲಾ ಉರಿ ಹಚ್ಚಿ ಕೊಡ್ತಾನ, ಮನ್ಯಾಗ ನಾ ಊದಕೋತ ಕುಂತೀನಿ" ಎಂದು ಆಕೆ ನಗುತ್ತಾಳೆ. ಒಂದು ಸ್ಟೋವು ಮನೆಗೂ ತರಬಹುದಿತ್ತಲ್ಲ ಎಂದರೆ ನಗು ನಿಲ್ಲುತ್ತದೆ. ಗಂಡ ಬೇಡವೆಂದಿದ್ದಾನೆ.

ಸ್ಟೋವಿನ ಬಗ್ಗೆ ಮನೆಮನೆಯಲ್ಲಿ ತಿಳಿದಿರಬೇಕಾದ ಒಂದು ವಿಷಯವಿದೆ. ಅದರ ಹೊಟ್ಟೆಯಲ್ಲಿ ಎಣ್ಣೆಯ ಮೇಲೆ ಒತ್ತಿ ಹಿಡಿದ ಗಾಳಿ ಇರುತ್ತದೆ. ಆ ಗಾಳಿ ಎಣ್ಣೆಯನ್ನು ಕೊಳವೆಯಲ್ಲಿ ಮೇಲಕ್ಕೆ ನೂಕುತ್ತದೆ, ಕಾದ ಬರ್ನರಿನಲ್ಲಿ ಎಣ್ಣೆ ಉಗಿಯಾಗುತ್ತದೆ, ನಿಪ್ಪಲ್ಲಿನ ಸಣ್ಣ ತೂತಿನಿಂದ ಹಾರಿ ಉರಿಯುತ್ತದೆ. ಗಾಳಿ ಬೇರೆಲ್ಲಿಂದಲೂ ಹೊರಬೀಳಬಾರದು. ಅದಕ್ಕಾಗಿ ಎರಡು ಕಡೆ ಚರ್ಮ ಇರುತ್ತದೆ: ಪಂಪಿನ ತುದಿಗೆ ಬಟ್ಟಲಿನಂಥದೊಂದು, ಎಣ್ಣೆ ಹಾಕುವ ಮುಚ್ಚಳದೊಳಗೆ ಬಿಲ್ಲೆಯಂಥದೊಂದು. ಎಣ್ಣೆಯಲ್ಲಿ ನೆನೆಸಿದ ಚರ್ಮ ಹಿತ್ತಾಳೆಗೆ ಅಂಟಿ ಕೂರುತ್ತದೆ. ಬಿಲ್ಲೆಯನ್ನು ಸೀಸದಿಂದ ಮಾಡಿದರೆ ಅದು ದಿನವೂ ಬಿಚ್ಚಿ ಹಾಕುವ ಮುಚ್ಚಳಕ್ಕೆ ಹೀಗೆ ಕೂರುವುದಿಲ್ಲ.

ಕೊಂಡು ತಂದ ಮನೆಗಳಿಗೆ ಇದು ಗೊತ್ತಿರಲಿಲ್ಲ. ಮಾರಿದವರೂ ಹೇಳಿರಲಿಲ್ಲ.

ಗೊತ್ತಾದದ್ದು ಬೇಳೆ ವ್ಯಾಪಾರಿಗಳ ಗಲ್ಲಿಯಲ್ಲಿ, ಶಂಕರೆಪ್ಪನವರ ಮನೆಯ ಕಟ್ಟೆಯ ಮೇಲೆ. ಸಾತಲಿಂಗಪ್ಪ ಪಂಪು ಬಿಚ್ಚಿದ್ದ. ಶಂಕರೆಪ್ಪನವರ ಹೆಂಡತಿ ಉಮಾಬಾಯಿ ಆ ಕರಿಯ ಬಟ್ಟಲನ್ನು ನೋಡಿ ಅದೇನೆಂದು ಕೇಳಿದರು. ಇವನು ಇದ್ದದ್ದನ್ನು ಹೇಳಿದ. ಅಂದು ಆ ಮನೆಯಲ್ಲಿ ಮಾಡಿಟ್ಟ ಅಡುಗೆಯೆಲ್ಲ ದನದ ಬಾನಿಗೆ ಹೋಯಿತು. ಅಡುಗೆಮನೆ ತೊಳೆದರು, ದೇವರ ಜಗಲಿ ತೊಳೆದರು. "ನಾಳಿ ಜಗಲಿ ಮ್ಯಾಲ ಕಾಲಾಗಿನ ಜೋಡಾನೂ ತಂದಿಡ್ತಿ ನೀ" ಎಂದು ಉಮಾಬಾಯಿ ಚುಚ್ಚಿದರು. ಸ್ಟೋವು ಮಾತ್ರ ಬೇಕಿತ್ತು. ಹೊಗೆಯಿಲ್ಲದ ಉರಿಯ ರುಚಿ ಒಮ್ಮೆ ಹತ್ತಿದ ಮೇಲೆ ಒಲೆಯ ಮುಂದೆ ಕಣ್ಣೀರಿಡಲು ಸೊಸೆಯಂದಿರು ಒಪ್ಪುವುದಿಲ್ಲ. ಚರ್ಮ ತೆಗೆದು ಬೇರೇನಾದರೂ ಹಾಕು ಎಂದರು. ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ಅವನು ರಬ್ಬರಿನ ಬಿಲ್ಲೆ ಮಾಡಿ ಹಾಕಿದ. ವರ್ಷದೊಳಗೆ ಆ ಮನೆಯೂ ಸೇರಿ ಗಲ್ಲಿಯ ಮೂವತ್ತೊಂದು ಮನೆಯವರು ಹಾಗೆಯೇ ಮಾಡಿಸಿಕೊಂಡರು.

ರಬ್ಬರಿಗೆ ಎಣ್ಣೆ ಆಗಿಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತೇ? ಇದನ್ನು ಕೇಳಿದವರಿಗಿಂತ ಹೆಚ್ಚು ಸಲ ಅವನೇ ಕೇಳಿಕೊಂಡಿದ್ದಾನೆ.

"ಉಬ್ಬತೈತಿ ಅಂತ ಗೊತ್ತಿತ್ತುರಿ. ಉಬ್ಬಿದ್ರ ಬದಲಿ ಮಾಡಿದ್ರಾತು ಅಂದಕೊಂಡೆ. ಚಿಮಣಿ ಎಣ್ಣ್ಯಾಗ ಮೂರ ನಾಕ ತಿಂಗಳ ತಡೀತಿತ್ತು. ಪೆಟ್ರೋಲಿನ್ಯಾಗ ನಾಕ ವಾರಾನೂ ತಡ್ಯಾಂಗಿಲ್ಲ ಅಂಬೋದು ಗೊತ್ತಿರಲಿಲ್ಲ."

ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಆದದ್ದು ೧೯೩೦ರಲ್ಲಿ. ಮರುವರ್ಷ ಶಂಕರೆಪ್ಪನವರ ಹಿರಿಯ ಮಗಳು ನೀಲಾಬಾಯಿಯ ಮದುವೆಯಾಯಿತು. ಗಂಡನ ಮನೆ ಅಕ್ಕಲಕೋಟದಲ್ಲಿ. ಮೋಟಾರು ಓಡಿಸುವ ಮನೆತನ. ಮನೆಯಲ್ಲಿ ಪೆಟ್ರೋಲಿನ ಡಬ್ಬಿಗಳಿಗೆ ಬರವಿರಲಿಲ್ಲ. ಅದಕ್ಕೇ ಬೀಗರು ಕೇಳಿದಂತೆ ಶಂಕರೆಪ್ಪನವರು ಚಿಮಣಿ ಎಣ್ಣೆ, ಪೆಟ್ರೋಲು ಎರಡಕ್ಕೂ ನಡೆಯುವ ಸ್ಟೋವು ಕೊಂಡರು. ಅದಕ್ಕೆ ಎರಡು ನಿಪ್ಪಲ್ಲು: ಚಿಮಣಿ ಎಣ್ಣೆಗೆ ಸಣ್ಣ ತೂತಿನದು, ಪೆಟ್ರೋಲಿಗೆ ಕೂದಲೆಳೆಯಷ್ಟು ದೊಡ್ಡದು. ಎಣ್ಣೆ ಬದಲಾದರೆ ನಿಪ್ಪಲ್ಲು ಬದಲಾಗಬೇಕು, ಪಂಪೂ ಕಡಿಮೆ ಹೊಡೆಯಬೇಕು. ಸಾತಲಿಂಗಪ್ಪ ಅದನ್ನೆಲ್ಲ ನೀಲಾಬಾಯಿಗೆ ಕೂರಿಸಿಕೊಂಡು ಕಲಿಸಿದ. ಹುಡುಗಿ ಒಂದೇ ಸಲಕ್ಕೆ ಕಲಿತಳು. ಆಮೇಲೆ ಉಮಾಬಾಯಿಯ ಮಾತಿನಂತೆ ಎರಡೂ ಚರ್ಮ ತೆಗೆದು ರಬ್ಬರು ಹಾಕಿ ಕಳಿಸಿದ.

ಮದುವೆಯಾದ ಎರಡನೆಯ ತಿಂಗಳು ಮೋಟಾರಿನ ಡ್ರೈವರನೊಬ್ಬ ಗೋಣಿಚೀಲದಲ್ಲಿ ಸುತ್ತಿದ ಸ್ಟೋವನ್ನು ಈ ಅಂಗಡಿಗೆ ತಂದಿಟ್ಟ. ಅದನ್ನು ರಿಪೇರಿ ಮಾಡಬೇಕಂತೆ, ಹಿತ್ತಾಳೆ ಒಳ್ಳೆಯದಿದೆಯಂತೆ. ನೀಲಾಬಾಯಿ ಸುಟ್ಟುಕೊಂಡು ಮೂರನೆಯ ದಿನ ತೀರಿಕೊಂಡಿದ್ದಳು. ಅವಳು ಪಂಪು ಅತಿಯಾಗಿ ಹೊಡೆದಳು ಎಂದು ಅಕ್ಕಲಕೋಟದವರು ಹೇಳಿದರು. ಸೊಲ್ಲಾಪುರದವರು ಅದನ್ನೇ ನಂಬಿದರು.

ಸಾತಲಿಂಗಪ್ಪ ಮುಚ್ಚಳ ಬಿಚ್ಚಿದ. ಬಿಲ್ಲೆ ಬೆರಳಿಗೆ ಬೆಲ್ಲದ ಪಾಕದಂತೆ ಅಂಟಿತು. ಹುಡುಗಿಯ ತಪ್ಪಿರಲಿಲ್ಲ. ಕರಗಿದ ರಬ್ಬರಿನ ಸಂದಿನಿಂದ ಪೆಟ್ರೋಲಿನ ಉಗಿ ಹೊರಬಿದ್ದು ಉರಿಗೆ ಮುಟ್ಟಿತ್ತು. ಇದು ತಿಳಿದಿದ್ದವನು ಲೋಕದಲ್ಲಿ ಅವನೊಬ್ಬನೇ. ಅವನು ಯಾರಿಗೂ ಹೇಳಲಿಲ್ಲ.

ಆದರೆ ಸುಮ್ಮನೆ ಕೂರಲೂ ಇಲ್ಲ. ಮರುದಿನದಿಂದ ಗಲ್ಲಿಯ ಒಂದೊಂದೇ ಮನೆಗೆ ಹೋಗಿ, ಸ್ಟೋವು ತೊಳೆದುಕೊಡುತ್ತೇನೆಂದು ತೆಗೆದುಕೊಂಡು ಬಂದು, ರಬ್ಬರು ಕಿತ್ತು ಚರ್ಮ ಹಾಕಿದ. ಜೋಡು ಹೊಲಿಯುವ ಕಾಮಣ್ಣನಿಂದ ತುಂಡು ತಂದು, ದೀಪದ ಕಾಡಿಗೆ ಬಳಿದು ರಬ್ಬರಿನಂತೆ ಕರಿಯದಾಗಿ ಮಾಡಿದ. ಕೇಳಿದವರಿಗೆ ರಬ್ಬರೇ ಎಂದ. ಎರಡು ವರ್ಷ ಆ ಗಲ್ಲಿ ಚರ್ಮದ ಸ್ಟೋವಿನ ಮೇಲೆ ನೈವೇದ್ಯ ಬೇಯಿಸಿತು. ಅವರ ಮನೆಯ ಜಗಲಿಗೆ ನಮಸ್ಕಾರ ಮಾಡಲು ತನಗೆ ಕೈ ಏಳುತ್ತಿರಲಿಲ್ಲ ಎಂದು ಅವನು ಹೇಳುತ್ತಾನೆ. ನಂಬಿದವರ ಮಡಿಯನ್ನು ನಂಬಿಸಿಯೇ ಕೆಡಿಸಿದ್ದ. ಬೇರೆ ದಾರಿ ಅವನಿಗೆ ಕಂಡಿರಲಿಲ್ಲ.

ಮೂವತ್ತನಾಲ್ಕರಲ್ಲಿ ಕಿರಿಯ ಮಗಳು ಇಂದುಬಾಯಿಯ ಮದುವೆ ಗೊತ್ತಾಯಿತು. ಈ ಬೀಗರೂ ಅಕ್ಕಲಕೋಟದವರು, ಅವರೂ ಸ್ಟೋವು ಕೇಳಿದ್ದರು. ಉಮಾಬಾಯಿ ಇವನನ್ನು ಕರೆಸಿ, ಹೊಸ ಸ್ಟೋವಿನ ಒಂದೊಂದು ತಿರುಪನ್ನೂ ನೋಡು, ಬೆಸುಗೆ ನೋಡು, ಆಮೇಲೆ ಚರ್ಮ ತೆಗೆದು ರಬ್ಬರು ಹಾಕು ಎಂದರು. ದೊಡ್ಡವಳು ಹುಚ್ಚಿ, ಪಂಪು ಜೋರಾಗಿ ಹೊಡೆದು ಸತ್ತಳು, ಇವಳಾದರೂ ಬುದ್ಧಿಯಿಂದ ಇರಲಿ ಎಂದೂ ಹೇಳಿದರು.

ಇಲ್ಲಿಯೂ ಅವನು ಕಾಡಿಗೆ ಬಳಿದು ಸುಳ್ಳು ಹೇಳಬಹುದಿತ್ತು. ಎರಡು ದಿನ ಅದನ್ನೇ ಯೋಚಿಸಿದ. ಆದರೆ ಚರ್ಮ ವರ್ಷಕ್ಕೊಮ್ಮೆ ಒಣಗುತ್ತದೆ, ಬದಲಿಸಬೇಕಾಗುತ್ತದೆ. ಗಲ್ಲಿಯ ಸ್ಟೋವುಗಳು ಇವನ ಕೈಯಲ್ಲೇ ಇದ್ದವು. ಅಕ್ಕಲಕೋಟದ್ದನ್ನು ಬಿಚ್ಚುವವನು ಬೇರೊಬ್ಬ. ಒಳಗಿನ ಚರ್ಮ ಕಂಡ ಕೂಡಲೇ ಆ ಮನೆಯವರು ಅದನ್ನು ಕಿತ್ತು ರಬ್ಬರು ಹಾಕಿಸುತ್ತಾರೆ. ಸುಳ್ಳು ಇಂದುಬಾಯಿಯನ್ನು ಒಂದು ವರ್ಷ ಮಾತ್ರ ಕಾಯುತ್ತದೆ. ಖರೆ ಹೇಳಿದರೆ ಹೆತ್ತ ತಾಯಿಗೆ, ನಿನ್ನ ಮಾತಿನಿಂದಲೇ ನಿನ್ನ ಮಗಳು ಸತ್ತಳು ಎಂದು ಹೇಳಿದಂತೆ. ಗಲ್ಲಿಯ ಅನ್ನವೂ ಹೋಗುತ್ತದೆ.

ಮೂರನೆಯ ದಿನ ಅದೇ ಕಟ್ಟೆಯ ಮೇಲೆ ಕೂತು ಹೇಳಿದ.

"ಅವ್ವಾರ, ನೀಲಕ್ಕ ಪಂಪ ಭಾಳ ಹೊಡದಿರಲಿಲ್ಲ. ನಾ ಹಾಕಿದ ರಬ್ಬರ ಕರಗಿತ್ತು."

ಉಮಾಬಾಯಿ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಲಿಲ್ಲ.

"ಹಾಕಂತ ನಾ ಹೇಳಿದ್ದೆ" ಎಂದರು.

"ಹಾಕಿದಾಂವ ನಾ ರಿ."

ಮೂವತ್ತೊಂದು ಮನೆಯ ಸುಳ್ಳನ್ನೂ ಅವನು ಅಲ್ಲೇ ಹೇಳಿಬಿಟ್ಟ. ಆಕೆ ಮೊರ ಬದಿಗಿಟ್ಟು ಒಳಗೆ ಹೋದರು. ಹೊಸ ಸ್ಟೋವನ್ನು ತಾವೇ ಎತ್ತಿಕೊಂಡು ಬಂದು ಹೊಸ್ತಿಲ ಹೊರಗಿಟ್ಟರು.

"ಚರ್ಮಾನಽ ಇರಲಿ. ಎಲ್ಲಾ ನೋಡಿ ಬಿಗದ ಕೊಡು. ಆಮ್ಯಾಲ ಈ ಕಟ್ಟಿ ಹತ್ತಬ್ಯಾಡ."

ಅವನು ಹಾಗೆಯೇ ಮಾಡಿದ. ಇಂದುಬಾಯಿ ಸ್ಟೋವು ತೆಗೆದುಕೊಂಡು ಗಂಡನ ಮನೆಗೆ ಹೋದಳು. ಉಮಾಬಾಯಿ ಮತ್ತೆ ಕುಳ್ಳಿನ ಒಲೆಗೆ ಮರಳಿದರು. ಸುದ್ದಿ ಗಲ್ಲಿಗೆ ಹೇಗೆ ಹಬ್ಬಿತೋ, ವಾರದೊಳಗೆ ಉಳಿದ ಮೂವತ್ತು ಮನೆಗಳ ಬಾಗಿಲೂ ಅವನಿಗೆ ಮುಚ್ಚಿದವು. ಚರ್ಮ ಹಾಕಿದ್ದಕ್ಕೆ ಕೆಲವರು, ರಬ್ಬರು ಹಾಕಿದ್ದಕ್ಕೆ ಕೆಲವರು, ಸುಳ್ಳಿಗೆ ಎಲ್ಲರೂ. ಗುರಮ್ಮ ಅದನ್ನು ತನ್ನದೇ ರೀತಿಯಲ್ಲಿ ಹೇಳುತ್ತಾಳೆ: "ಸುಳ್ಳ ಹೇಳಿದಾಗ ಒಂಬತ್ತ ಸ್ಟೋ ಬರತಿದ್ದವು. ಖರೇ ಹೇಳಿದ, ಎರಡ ಉಳದವು." ಬೈಗುಳದಂತೆ ಹೇಳುವುದಿಲ್ಲ. ಮಳೆ ಬಂತು ಎಂದಂತೆ ಹೇಳುತ್ತಾಳೆ.

ಈಗ ಅವನಿಗೆ ಕೆಲಸ ಕೊಡುವವರು ಗಿರಣಿಯ ಗೇಟಿನ ಚಹಾದವರು, ರೈಲ್ವೆ ಚಾಳಿನವರು. ಅವರಿಗೆ ಚರ್ಮದ ಚಿಂತೆಯಿಲ್ಲ. ಗಲ್ಲಿಯ ಕೆಲವು ಮನೆಗಳು ಬೇರೆಯವರಿಂದ ಮತ್ತೆ ರಬ್ಬರು ಹಾಕಿಸಿವೆ ಎಂದು ಅವನಿಗೆ ಗೊತ್ತು. ಹೋದ ಬೇಸಿಗೆಯಲ್ಲಿ ಒಬ್ಬ ಸೊಸೆಯ ಕೈ ಮೊಣಕೈ ತನಕ ಸುಟ್ಟಿತು. ಆ ದಿನದಿಂದ ಪ್ರತಿ ಸೋಮವಾರ ಬೆಳಿಗ್ಗೆ ಆ ಗಲ್ಲಿಗೆ ಹೋಗಿ, ಕಟ್ಟೆ ಹತ್ತದೆ ಬೀದಿಯಲ್ಲೇ ನಿಂತು, ಮುಚ್ಚಳದ ರಬ್ಬರು ನೋಡಿಕೊಳ್ಳಿರಿ ಎಂದು ಕೂಗಿ ಹೇಳುತ್ತಾನೆ. ಭಿಕ್ಷೆಯವರಿಗೆ ಹೇಳುವ ಮಾತು ಒಳಗಿನಿಂದ ಬರುತ್ತದೆ: ಮುಂದ ಹೋಗು. ಅವನು ಮುಂದಿನ ಮನೆಗೆ ಹೋಗುತ್ತಾನೆ.

ಈ ವರ್ಷ ನಾಗರಪಂಚಮಿಗೆ ಇಂದುಬಾಯಿ ತವರಿಗೆ ಬಂದಿದ್ದಳು. ಹಬ್ಬದ ಮೂರನೆಯ ದಿನ ಟಾಂಗಾದಲ್ಲಿ ಈ ಸಂದಿಯ ಮುಂದೆ ಇಳಿದಳು. ಸೆರಗಿನ ಕೆಳಗೆ ಸ್ಟೋವಿತ್ತು. ಸಾತಲಿಂಗಪ್ಪ ಎದ್ದು ನಿಂತ. ತಾಯಿಗೆ ಗೊತ್ತಾದರೆ ಏನು ಗತಿ ಎಂದು ಕೇಳಿದ.

"ಅವ್ವನಽ ಕಳಿಸ್ಯಾಳ, ಕಾಕಾ" ಎಂದಳು. "ನಿನ್ನನ್ನ ನಮ್ಮ ಮನಿಗೆ ಮಾತ್ರ ಕರಿಬ್ಯಾಡ ಅಂದಾಳ."

ಬಿಲ್ಲೆ ಒಣಗಿ ಅಂಚು ಬಿರುಕು ಬಿಟ್ಟಿತ್ತು. ಇನ್ನೊಂದು ತಿಂಗಳು ತಡೆಯುತ್ತಿತ್ತೋ ಇಲ್ಲವೋ. ಅವನು ಚರ್ಮ ಕೈಗೆತ್ತಿಕೊಂಡಾಗ ಅವಳು ತಡೆದಳು. ಅಕ್ಕಲಕೋಟದಲ್ಲಿ ಹಾಕಲು ಯಾರೂ ಒಪ್ಪುತ್ತಿಲ್ಲ, ಅತ್ತೆ ನೋಡದ ಹೊತ್ತಿನಲ್ಲಿ ತಾನೇ ಹಾಕಿಕೊಳ್ಳಬೇಕು, ಕಲಿಸಿಕೊಡು ಎಂದಳು. ಅವನು ತನ್ನ ಮಣೆ ಬಿಟ್ಟುಕೊಟ್ಟ. ವ್ಯಾಪಾರಿ ಮನೆಯ ಮಗಳು ಆ ಮಣೆಯ ಮೇಲೆ ಕೂತು, ಬಳೆ ಹಿಂದೆ ಸರಿಸಿ, ಚರ್ಮ ಕತ್ತರಿಸಿದಳು. ಮೊದಲನೆಯದು ಸೊಟ್ಟಗಾಯಿತು. ಎರಡನೆಯದು ಸಣ್ಣದಾಯಿತು. ಮೂರನೆಯದನ್ನು ಎಣ್ಣೆಯಲ್ಲಿ ಅದ್ದಿ, ಹೆಬ್ಬೆರಳಿನಿಂದ ತಿಕ್ಕಿ ಮೆತ್ತಗೆ ಮಾಡಿ, ಮುಚ್ಚಳದೊಳಗೆ ಕೂರಿಸಿದಳು. ಮುಚ್ಚಳದ ಸುತ್ತ ಸಾಬೂನಿನ ನೀರು ಹಚ್ಚಿ ಪಂಪು ಒತ್ತಲು ಅವನು ಹೇಳಿದ. ಗಾಳಿ ಸೋರುತ್ತಿದ್ದರೆ ಅಲ್ಲಿ ಗುಳ್ಳೆ ಏಳುತ್ತದೆ.

ಇಬ್ಬರೂ ಬಾಗಿ ನೋಡಿದರು. ಗುಳ್ಳೆ ಏಳಲಿಲ್ಲ.

ಅವಳು ಮೂರು ಬಿಲ್ಲೆಯಾಗುವಷ್ಟು ಚರ್ಮವನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು ಟಾಂಗಾ ಹತ್ತಿದಳು.

ಎರಡನೆಯ ಭೋಂಗಾ ಕೂಗುತ್ತದೆ. ಗಿರಣಿಗೆ ಹೋಗುವವರು ಸಂದಿಯ ಮುಂದೆ ಗುಂಪಾಗಿ ಹಾದುಹೋಗುತ್ತಾರೆ, ಒಳಗೆ ಯಾರೂ ನೋಡುವುದಿಲ್ಲ. ಸಾತಲಿಂಗಪ್ಪ ಉರಿಯುತ್ತಿರುವ ಸ್ಟೋವಿನ ಗಾಳಿ ಬಿಟ್ಟು ಆರಿಸುತ್ತಾನೆ. ಸದ್ದು ಅಡಗಿದ ಮೇಲೆ ನಿಧಾನವಾಗಿ ಹೇಳುತ್ತಾನೆ:

"ಇಂದುಬಾಯಿ ಸ್ಟೋಗ ಇನ್ನ ನಾ ಬೇಕಾಗಿಲ್ರಿ. ಉಳದ ಮೂವತ್ತ ಮನಿ ಹೆಣ್ಣಮಕ್ಕಳೂ ಒಂದೊಂದ ಸಲ ಬಂದು ಕಲತು ಹೋದ್ರ, ನಾ ಅಂಗಡಿ ಮುಚ್ಚಿಕೊಂಡು ಕರಜಗಿಗೆ ಹೋಗ್ತೀನಿ."