ಬಾಲ ಕೇಳಿದ ಆಂಟಿ

ಆಂಟಿಯ ಎಡಗಡೆಯ ಹುಬ್ಬು ಮಾತ್ರ ಮೇಲೇರುತ್ತಿತ್ತು, ಬಲಗಡೆಯದು ಕದಲುತ್ತಿರಲಿಲ್ಲ. ಅದು ಏರಿತೆಂದರೆ ನಾವು ಹೇಳುತ್ತಿರುವುದರಲ್ಲಿ ಎಲ್ಲೋ ತೂತಿದೆ ಎಂದರ್ಥ. ಪರ್ತ್‌ನ ಥಾರ್ನ್ಲಿಯಲ್ಲಿ ನಮ್ಮ ಪಕ್ಕದ ಮನೆಯವರು. ಕಾನೂನು ನೆರವು ಕೇಂದ್ರವೊಂದರಲ್ಲಿ ವರ್ಷಗಟ್ಟಲೆ ದುಡಿದವರು.

ನಾನಾಗ ಎ.ಸಿ. ರಿಪೇರಿ ಅಂಗಡಿಯೊಂದರಲ್ಲಿದ್ದೆ. ಏಣಿ ಅಲುಗಾಡುತ್ತದೆ, ಹತ್ತುವುದಿಲ್ಲ ಎಂದದ್ದಕ್ಕೆ ಕೆಲಸದಿಂದ ತೆಗೆದರು. ದೂರು ಕೊಡುವ ಗಡುವು ಮುಗಿಯುತ್ತಾ ಬಂದಿತ್ತು. ಬ್ರಿಸ್ಬೇನಿನ ಭಾವ ಫೋನಿನಲ್ಲಿ, ಕಣ್ಣು ಮುಚ್ಚಿಕೊಂಡು ಫೆಡರಲ್‌ಗೆ, ಅಂದರೆ ಕೇಂದ್ರದ ಕಾರ್ಮಿಕ ಆಯೋಗಕ್ಕೆ, ಹಾಕು ಎಂದ. ಅಡಿಲೇಡಿನ ಗೆಳೆಯನೂ ಅದನ್ನೇ ಹೇಳಿದ. ಅಲ್ಲಿನ ಕಿಲ್ಬರ್ನ್‌ನ ವರ್ಕ್‌ಶಾಪಿನವರ ಮೇಲೆ ಅವನು ಹಾಗೇ ಗೆದ್ದಿದ್ದ. ಇನ್ನೇನು ಬೇಕೆಂದು ಅರ್ಜಿ ತುಂಬಿ, ಕಳಿಸುವ ಮುನ್ನ ಇಂಗ್ಲಿಷ್ ತಿದ್ದಿಸಿಕೊಳ್ಳಲು ಆಂಟಿಯ ಅಡುಗೆಮನೆಗೆ ಹೋದೆ.

ಹುಬ್ಬು ಏರಿತು. "ನಿಮ್ ಓನರ್‌ಗೆ ಬಾಲ ಇದೆಯೇನೋ?"

ಬೈಗುಳವೆಂದುಕೊಂಡು, "ಕೊಂಬೂ ಇದೆ ಆಂಟಿ" ಎಂದೆ.

ಆಂಟಿ ನಗುತ್ತಾ ಒಲೆ ಆರಿಸಿದರು. "ಅಯ್ಯೋ, ಹೆಸರಿನ ಹಿಂದೆ ಪಿಟಿವೈ ಲಿಮಿಟೆಡ್ ಅಂತ ಬಾಲ ಇದೆಯಾ ಅಂದೆ. ಕಂಪನಿನಾ, ಇಲ್ಲಾ ಗಂಡ ಹೆಂಡ್ತಿ ಸೇರ್ಕೊಂಡು ನಡೆಸ್ತಿರೋದಾ?"

ಗಂಡ ಹೆಂಡತಿಯೇ. ಕಂಪನಿ ಮಾಡಿದರೆ ರಗಳೆ ಎಂದು ಅವರೇ ಹೇಳುತ್ತಿದ್ದರು.

"ಹಾಗಾದ್ರೆ ಸ್ಟೇಟ್ ಬಾಗಿಲು, ಈ ರಾಜ್ಯದ ಆಯೋಗ. ಅವರಿಬ್ರೂ ಹೇಳಿದ್ದು ಅವರ ಊರಿಗೆ ಸರಿ, ಅಲ್ಲಿ ಖಾಸಗಿ ಕೆಲಸ ಎಲ್ಲಾ ಫೆಡರಲ್ಲೇ. ಇಲ್ಲಿ ಬಾಲ ಇಲ್ದೋರು ಸ್ಟೇಟ್‌ಗೆ. ನೀನು ತಪ್ಪು ಬಾಗಿಲು ತಟ್ಟಿದ್ರೆ, ಇದು ನಮ್ಮದಲ್ಲ ಅಂತ ಅವ್ರು ಹೇಳೋಷ್ಟರಲ್ಲಿ ಈ ಬಾಗಿಲೂ ಮುಚ್ಚಿರತ್ತೆ."

ಅವರ ಅಡುಗೆಮನೆಯಲ್ಲೇ ಕೂತು ಹೊಸ ಅರ್ಜಿ ಬರೆದು ಅಂದೇ ಕಳಿಸಿದೆ. ರಾಜಿ ಮಾತುಕತೆಯಲ್ಲಿ ಕೆಲಸ ವಾಪಸ್ ಬಂತು, ಹೊಸ ಏಣಿಯೂ ಬಂತು. ಚೌಕಾಶಿ ನನಗೆ ಯಾರೂ ಕಲಿಸಬೇಕಿಲ್ಲ. ಯಾವ ಅಂಗಡಿಯ ಮುಂದೆ ನಿಂತು ಮಾಡಬೇಕೆಂದು ಕಲಿಸಿದ್ದು ಆಂಟಿ. ನೀವೂ ಅಷ್ಟೇ, ಸಲಹೆ ಕೊಡುವವರು ಎಷ್ಟೇ ಗೆದ್ದವರಿರಲಿ, ಯಾವ ಊರಲ್ಲಿ ಗೆದ್ದರೆಂದು ಮೊದಲು ಕೇಳಿ.

ಮುಂದೆ ಸ್ವಂತ ಅಂಗಡಿ ತೆರೆದೆ, ಬಾಲ ಸಮೇತ. ಪೂಜೆಗೆ ಬಂದ ಆಂಟಿ ಗೋಡೆಗಳನ್ನೆಲ್ಲ ನೋಡಿ, "ನಿನ್ ಮೇಲೆ ಕೇಸ್ ಹಾಕೋರು ಎಲ್ಲಿಗೆ ಹೋಗ್ಬೇಕು ಅಂತ ಇಲ್ಲಿ ಬರ್ಸು" ಎಂದರು. ತಮಾಷೆಯಿರಬಹುದೆಂದು ಮುಖ ನೋಡಿದೆ. ಹುಬ್ಬು ಮೇಲೇ ಇತ್ತು. ಬರೆಸಿದೆ.

ಹೋದ ಚಳಿಗಾಲ ಆಂಟಿ ತೀರಿಕೊಂಡರು. ಟೀ ಕೋಣೆಯ ಗೋಡೆಯ ಮೇಲೆ ಆ ಬರಹ ಹಾಗೇ ಇದೆ. ಹೊಸದಾಗಿ ಸೇರಿದವರು ಅದನ್ನೋದಿ ನನ್ನತ್ತ ತಿರುಗಿ ನೋಡುತ್ತಾರೆ. ಮೊದಲು ಏಣಿ ಅಲುಗಾಡುತ್ತಾ ಅಂತ ನೋಡ್ಕೊಳ್ಳಿ ಎನ್ನುತ್ತೇನೆ.