ನಾಲ್ಕು ಗಂಟೆಯ ಮೇಲೆ ಬಸ್ಸಕ್ಕ ನಡೆಯುತ್ತಾರೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ವಿಶ್ವವಿದ್ಯಾಲಯದ ಹಿಂಬದಿಯ ಶೆಡ್ಡಿನೆದುರು ಇಳಿಜಾರಿನಲ್ಲಿ ನಿಂತ ಬಸ್ಸಿನ ಚಕ್ರಕ್ಕೆ ಕೊಟ್ಟ ಕಲ್ಲನ್ನು ಬಸ್ಸಕ್ಕ ಒದ್ದು ಸರಿಸುತ್ತಾರೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸೀಟಿಗೇರಿ ಹ್ಯಾಂಡ್‌ಬ್ರೇಕ್ ಬಿಡುತ್ತಾರೆ. ಬಸ್ಸು ತಾನಾಗಿ ಉರುಳತೊಡಗಿದಾಗ ಎರಡನೇ ಗೇರಿನಲ್ಲಿಟ್ಟು ಕ್ಲಚ್ಚಿನಿಂದ ಕಾಲು ತೆಗೆಯುತ್ತಾರೆ. ಅದು ಒಮ್ಮೆ ಬಿಕ್ಕಳಿಸಿ, ಕೆಮ್ಮಿ, ಗುಡುಗುತ್ತದೆ.

"ಎದ್ದ ನೋಡಿ ನನ್ನ ರಾಜ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನನ್ನತ್ತ ತಿರುಗಿ. "ಹೊಸ ಬ್ಯಾಟರಿ ಕೊಡಿ ಅಂದ್ರೆ, ಇಳಿಜಾರು ಇದೆಯಲ್ಲಮ್ಮ ಅಂತಾರೆ. ಇಳಿಜಾರನ್ನ ಇವರಪ್ಪ ಕಟ್ಟಿಸಿಕೊಟ್ಟ ಹಾಗೆ!"

ವಿದ್ಯಾರ್ಥಿಗಳಿಗೆಲ್ಲ ಅವರು ಬಸ್ಸಕ್ಕ. ಇಟ್ಟಿಗೆ ಲಾರಿ ಓಡಿಸುತ್ತಿದ್ದ ಅಣ್ಣನ ಪಕ್ಕ ಕೂತು ಸ್ಟೀರಿಂಗ್ ಕಲಿತವರು. ಈ ಕೆಲಸಕ್ಕೆ ಸೇರಿ ಹದಿಮೂರು ವರ್ಷವಾದರೂ ಇಂದಿಗೂ ಗುತ್ತಿಗೆಯವರೇ. ಪ್ರತಿ ವರ್ಷ ಪ್ರವೇಶಾತಿಯ ತಿಂಗಳಲ್ಲೇ ಅವರ ಗುತ್ತಿಗೆಯೂ ಮುಗಿಯುತ್ತದೆ. ಮುಂದುವರಿಸುತ್ತಾರೋ ಇಲ್ಲವೋ ಎಂದು ಮನೆಮಂದಿಯೆಲ್ಲ ಆ ತಿಂಗಳು ಉಸಿರು ಬಿಗಿಹಿಡಿದಿರುತ್ತಾರೆ.

ಊರಿಗೂ ವಿಶ್ವವಿದ್ಯಾಲಯಕ್ಕೂ ನಡುವೆ ಐದು ಕಿಲೋಮೀಟರ್ ಹೆದ್ದಾರಿ. ಬೀದಿದೀಪವಿಲ್ಲ. ಜಲ್ಲಿ ಲಾರಿಗಳು ಮೈಗೆ ತಾಗಿಯೇ ಹೋಗುತ್ತವೇನೋ ಎಂಬಂತೆ ನುಗ್ಗುತ್ತವೆ. ಈ ದಾರಿಗೆ ಬೇರೆ ಬಸ್ಸಿಲ್ಲ. ಹಿಂದೆ ಬಸ್ಸಕ್ಕನ ಕೊನೆಯ ಟ್ರಿಪ್ಪು ಹೊರಡುತ್ತಿದ್ದುದು ಐದೂವರೆಗೆ, ಪ್ರಯೋಗಾಲಯ ಮುಗಿಸಿದವರೆಲ್ಲ ಹತ್ತಿಕೊಂಡ ಮೇಲೆ. ಕಳೆದ ವರ್ಷ ಡೀಸೆಲ್ ಉಳಿತಾಯದ ಹೆಸರಿನಲ್ಲಿ ಅದನ್ನು ನಿಲ್ಲಿಸಿದರು. ಈಗ ನಾಲ್ಕಕ್ಕೇ ಕೊನೆ. ಖಾಲಿ ಬಸ್ಸನ್ನು ವಾಪಸ್ ತಂದು ಕೀಲಿ ಒಪ್ಪಿಸಬೇಕು. ಅತಿಥಿಗಳನ್ನು ಕರೆತರುವ ಕಾರುಗಳಿಗೆ ಇಂಥ ಉಳಿತಾಯವಿಲ್ಲ. ಅವು ರಾತ್ರಿಯೂ ಓಡುತ್ತವೆ.

ಪ್ರಯೋಗಾಲಯ ಮಾತ್ರ ಈಗಲೂ ಐದಕ್ಕೆ ಮುಗಿಯುತ್ತದೆ. ಹಾಗಾಗಿ ಕೀಲಿ ಒಪ್ಪಿಸಿದ ಬಸ್ಸಕ್ಕ ವಿಜ್ಞಾನ ವಿಭಾಗದ ಮೆಟ್ಟಿಲ ಮೇಲೆ ಕೂತು ಕಾಯುತ್ತಾರೆ. ಹುಡುಗಿಯರು ಹೊರಬಂದ ಮೇಲೆ ಎಲ್ಲರ ಹಿಂದೆ ಟಾರ್ಚು ಹಿಡಿದು ಊರಿನವರೆಗೆ ನಡೆಯುತ್ತಾರೆ. ಗಂಡ ಗ್ಯಾರೇಜಿನ ಮೆಕ್ಯಾನಿಕ್. ಬೆಳಿಗ್ಗೆ ಸ್ಕೂಟರಿನಲ್ಲಿ ತಂದು ಬಿಡುವಂತೆ ಸಂಜೆಯೂ ಬಂದು ಕರೆದೊಯ್ಯಲು ಅವರು ತಯಾರು.

"ನಾನೊಬ್ಬಳೇ ಸ್ಕೂಟರ್ ಹತ್ತಿ ಭರ್ ಅಂತ ಹೋದ್ರೆ, ಬೆಳಿಗ್ಗೆ ಆ ಮಕ್ಕಳ ಮುಖ ಹೇಗೆ ನೋಡ್ಲಿ?"

ಅತ್ತೆಗೆ ಈ ನ್ಯಾಯ ಹಿಡಿಸಿಲ್ಲ. "ಊರ ಹೆಣ್ಮಕ್ಕಳನ್ನೆಲ್ಲ ಮನೆ ಮುಟ್ಟಿಸಿ ಬಾರಮ್ಮ, ಮಹಾರಾಣಿ. ನಮ್ಮನೆ ಒಲೆ ತಾನಾಗೇ ಉರಿಯುತ್ತೆ," ಎಂದು ಬಾಗಿಲಲ್ಲೇ ಸ್ವಾಗತಿಸುತ್ತಾರೆ. ಹಾಗೆಂದವರೇ ಬಿಸಿನೀರು ಕಾಯಿಸಿಟ್ಟಿರುತ್ತಾರೆ, ಸೊಸೆ ಕಾಲು ಅದ್ದಿಕೊಳ್ಳಲಿ ಎಂದು.

ಈ ವರ್ಷದ ಪರಿಚಯ ಪುಸ್ತಿಕೆ ನುಣುಪು ಕಾಗದದಲ್ಲಿ ಅಚ್ಚಾಗಿದೆ. ಅದರಲ್ಲಿ ಬಸ್ಸಿನ ಚಿತ್ರವಿದೆ. ಕೆಳಗೆ 'ದಿನವಿಡೀ ಸಾರಿಗೆ ಸೌಲಭ್ಯ' ಎಂದಿದೆ. ಹೊಸದಾಗಿ ಸೇರಬಯಸುವವರನ್ನೂ ಹೆತ್ತವರನ್ನೂ ಕೂರಿಸಿಕೊಂಡು ಆವರಣ ಸುತ್ತಿಸುವ ದಿನ, ಪ್ರವೇಶ ವಿಭಾಗದ ಅಧಿಕಾರಿ ಮೈಕು ಹಿಡಿದು ಬಸ್ಸಿನಲ್ಲಿ ನಿಂತಿದ್ದರು. ಗ್ರಂಥಾಲಯ, ಆಟದ ಮೈದಾನ, ಸಭಾಂಗಣ ಎಲ್ಲವನ್ನೂ ಹೊಗಳಿದರು. ಬಸ್ಸಕ್ಕನೂ ನಡುನಡುವೆ ಬಾಯಿ ಹಾಕಿದರು.

"ಗ್ರಂಥಾಲಯ ನಿಜವಾಗ್ಲೂ ಚೆನ್ನಾಗಿದೆ, ಬಿಡಬೇಡಿ. ಫೀಸೂ ಕಡಿಮೆ. ಮೇಷ್ಟ್ರುಗಳು ಪಾಠ ಮಾಡ್ತಾರೆ. ಸಭಾಂಗಣ ಮಾತ್ರ ದೊಡ್ಡವರು ಬಂದ ದಿನ ನೋಡ್ಬಹುದು."

ಬಸ್ಸು ನಕ್ಕಿತು. ಅಧಿಕಾರಿಯೂ ಹಲ್ಲು ಕಚ್ಚಿ ನಕ್ಕರು.

ಆಗ ವೆಲ್ಡಿಂಗ್ ಕೆಲಸದವರೊಬ್ಬರು ಎದ್ದು ನಿಂತರು. ಪಕ್ಕದಲ್ಲಿ ಮಗಳು. "ಇವಳಿಗೆ ಕೆಮಿಸ್ಟ್ರಿನೇ ಬೇಕಂತೆ ಸಾರ್. ಲ್ಯಾಬ್ ಮುಗಿಸಿ ಬರೋರಿಗೆ ಬಸ್ ಇದೆ ತಾನೇ?"

"ಪುಸ್ತಿಕೆಯಲ್ಲೇ ಇದೆಯಲ್ರೀ. ಬೇಕಾದ್ರೆ ಡ್ರೈವರಮ್ಮನ್ನೇ ಕೇಳಿ."

ಬಸ್ಸಕ್ಕ ರಸ್ತೆ ಬದಿಗೆ ಬಸ್ಸು ನಿಲ್ಲಿಸಿ ಹಿಂದಕ್ಕೆ ತಿರುಗಿದರು. ಅವರ ಗುತ್ತಿಗೆ ಮುಗಿಯಲು ಇನ್ನೊಂದು ವಾರವಿತ್ತು.

"ಇಲ್ಲಣ್ಣ. ನಾಲ್ಕಕ್ಕೇ ಕೊನೆ ಬಸ್. ಆಮೇಲೆ ನಡೀಬೇಕು. ನಾನೂ ಜೊತೆಗೆ ನಡೀತೀನಿ, ಆದ್ರೆ ಲಾರಿ ಬಂದ್ರೆ ಅದನ್ನ ತಡೆಯೋಕೆ ನನ್ನ ಕೈಲಾಗಲ್ಲ."

"ನೀವು ಬಸ್ ಓಡ್ಸಿ ಸಾಕು. ಆಡಳಿತ ನಾವು ನೋಡ್ಕೋತೀವಿ," ಅಧಿಕಾರಿಯ ದನಿ ಮೈಕಿನಲ್ಲೇ ಏರಿತು.

"ನೀವು ನೋಡ್ಕೊಂಡಿದ್ರೆ ನಾನ್ಯಾಕೆ ಸಾರ್ ನಡೀತಿದ್ದೆ?"

ಈ ಬಾರಿ ಯಾರೂ ನಗಲಿಲ್ಲ. ಇಳಿಯುವಾಗ ವೆಲ್ಡರನ ಮಗಳು ಬಸ್ಸಕ್ಕನ ಸೀಟಿನ ಹತ್ತಿರ ನಿಂತಳು. ಕಣ್ಣು ಕೆಂಪಾಗಿತ್ತು. "ಸುಮ್ನಿರೋಕೆ ಆಗ್ಲಿಲ್ವಾ ಆಂಟಿ ನಿಮ್ಗೆ? ನಾನು ಹೇಗೋ ನಡೀತಿದ್ದೆ."

ಆ ಹುಡುಗಿ ಈಗ ವಿಶ್ವವಿದ್ಯಾಲಯಕ್ಕೇನೋ ಸೇರಿದ್ದಾಳೆ. ಆದರೆ ರಸಾಯನಶಾಸ್ತ್ರಕ್ಕಲ್ಲ, ಮಧ್ಯಾಹ್ನಕ್ಕೇ ತರಗತಿ ಮುಗಿಯುವ ವಾಣಿಜ್ಯಕ್ಕೆ. ದಿನಾ ಇದೇ ಬಸ್ಸು ಹತ್ತುತ್ತಾಳೆ. ಎಲ್ಲರಿಗಿಂತ ಹಿಂದೆ ಕೂರುತ್ತಾಳೆ. ಬಸ್ಸಕ್ಕನ ಜೊತೆ ಮಾತಿಲ್ಲ.

"ಏನು ಓದ್ಬೇಕು ಅಂತ ಮಕ್ಕಳು ಬಸ್ಸಿನ ಟೈಮ್ ನೋಡಿ ತೀರ್ಮಾನ ಮಾಡ್ಬೇಕಾ?" ಸ್ಟೀರಿಂಗಿನ ಮೇಲಿನ ಮುಷ್ಟಿ ಬಿಗಿಯಾಗುತ್ತದೆ. "ಅವಳು ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದಾಳೆ. ಮಾಡ್ಕೊಳ್ಳಲಿ. ಯಾರ ಮೇಲೆ ಮಾಡ್ಕೋಬೇಕೋ ಅವರು ಇವಳ ಕೈಗೆ ಸಿಗಲ್ವಲ್ಲ."

ಬಸ್ಸಕ್ಕನಿಗೆ ವಿವರಣೆ ಕೇಳಿ ನೋಟೀಸು ಬಂದಿದೆ. ಗುತ್ತಿಗೆ ಮುಂದುವರಿದಿಲ್ಲ, ರದ್ದೂ ಆಗಿಲ್ಲ. 'ಮುಂದಿನ ಆದೇಶದವರೆಗೆ' ಓಡಿಸಬೇಕಂತೆ. ಪುಸ್ತಿಕೆಯ ಬಗ್ಗೆ ಕೇಳಿದರೆ ಪ್ರವೇಶ ವಿಭಾಗದಲ್ಲಿ ಸಿಗುವ ಉತ್ತರ ಒಂದೇ: "ಅಚ್ಚಾಗಿ ಹೋಗಿದೆ." ಅಚ್ಚಾದದ್ದನ್ನು ತಿದ್ದಲಾಗದಿದ್ದರೆ ಬಸ್ಸಿನ ವೇಳೆಯನ್ನಾದರೂ ತಿದ್ದಬಹುದಲ್ಲ ಎಂಬ ಮಾತಿಗೆ ಅಲ್ಲಿ ಯಾರೂ ತಲೆ ಎತ್ತಲಿಲ್ಲ.

ಐದು ಗಂಟೆ. ಬಿಳಿ ಕೋಟು ಮಡಚಿ ಚೀಲಕ್ಕೆ ತುರುಕುತ್ತ ಹುಡುಗಿಯರು ಹೊರಬರುತ್ತಾರೆ. ಬಸ್ಸಕ್ಕ ಎದ್ದು ಸೆರಗು ಬಿಗಿದುಕೊಳ್ಳುತ್ತಾರೆ. ಪತ್ರಿಕೆಯಲ್ಲಿ ತಮ್ಮ ಬಗ್ಗೆ ಏನು ಬರುತ್ತದೆ ಎಂದು ಅವರಿಗೆ ಈಗ ಅನುಮಾನ.

"ನೋಡಿ, ತಾಯಿಯಂಥವಳು, ದೊಡ್ಡ ಮನಸ್ಸು ಅಂತೆಲ್ಲ ಬರೆದುಬಿಡಬೇಡಿ. ಓದಿದವರು ಆಹಾ ಅಂದು ಹಾಳೆ ತಿರುಗಿಸ್ತಾರೆ, ಬಸ್ ಮಾತ್ರ ಶೆಡ್ಡಲ್ಲೇ ಇರುತ್ತೆ. ಡ್ರೈವರ್‌ಗೆ ಸಿಟ್ಟು ಬಂದಿದೆ ಅಂತ ಬರೀರಿ. ಅಷ್ಟೇ ಬರೀರಿ."